ಹನ್ನೊಂದು ಟ್ರಿಕ್ ಇದೆ, ಹನ್ನೆರಡನೆಯದು ಎಲ್ಲಿ? ಬ್ರಿಡ್ಜ್ ಸ್ಲ್ಯಾಮ್‌ನಲ್ಲಿ ಸ್ಕ್ವೀಝ್ ಆಡುವ ಬಗೆ

ಸ್ಲ್ಯಾಮ್ ಕರೆದಾಗಿದೆ, ಅಂದರೆ 13 ಟ್ರಿಕ್‌ಗಳಲ್ಲಿ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) 12 ಗೆಲ್ಲುತ್ತೇವೆ ಎಂದು ಹೇಳಿಯಾಗಿದೆ. ಲೀಡ್ (ಎದುರಾಳಿಯ ಮೊದಲ ಎಲೆ) ಬಂತು, ಡಮ್ಮಿ (ಜೊತೆಗಾರರ ತೆರೆದಿಟ್ಟ ಕೈ) ಮೇಜಿನ ಮೇಲೆ ಬಂತು. ಎಣಿಸಿದರೆ ಖಚಿತವಾಗಿ ಸಿಗುವ ಟ್ರಿಕ್ 11. ಬೇಕಿರುವುದು 12. ಇಲ್ಲಿ ಬಹಳ ಜನ ಮಾಡುವುದು ಒಂದೇ ಕೆಲಸ. ಗೆಲ್ಲುವ ಎಲೆಗಳನ್ನೆಲ್ಲ ಒಂದೊಂದಾಗಿ ಎಳೆಯುತ್ತಾರೆ, ಯಾವುದಾದರೂ ಸೂಟ್ ಎದುರಾಳಿಗಳಿಬ್ಬರಲ್ಲಿ 3-3 ಆಗಿ ಒಡೆದಿರಲಿ ಎಂದು ಕಾಯುತ್ತಾರೆ. ಒಡೆಯದಿದ್ದರೆ ಹಣೆಬರಹ ಅಂತ ಮುಂದಿನ ಆಟಕ್ಕೆ ಹೋಗುತ್ತಾರೆ. ಆದರೆ ಎಷ್ಟೋ ಸಲ ಆ ಹನ್ನೆರಡನೇ ಟ್ರಿಕ್ ಅದೇ ಎಲೆಗಳಲ್ಲಿ ಇರುತ್ತದೆ. ಅದನ್ನು ಪಡೆಯಲು ಶುರುವಿನಲ್ಲೇ ಒಂದು ಟ್ರಿಕ್ ಸೋಲಬೇಕು, ಅಷ್ಟೇ.

ಬಿಡ್ಡಿಂಗ್ ಬರುತ್ತದೆ, ಫಿನೆಸ್ (ಎದುರಾಳಿಯ ದೊಡ್ಡ ಎಲೆ ಅನುಕೂಲದ ಕಡೆ ಇದೆ ಎಂದು ನಂಬಿ ಅದಕ್ಕಿಂತ ಸಣ್ಣ ಎಲೆಯಿಂದ ಗೆಲ್ಲಲು ನೋಡುವುದು) ಗೊತ್ತು, ಸ್ಕ್ವೀಝ್ ಮಾತ್ರ ದೊಡ್ಡ ಆಟಗಾರರದ್ದು ಎಂದು ದೂರ ಇಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಕ್ವೀಝ್ ಅಂದರೆ ಎದುರಾಳಿ ತನಗೆ ಬೇಕಾದ ಎಲೆಯನ್ನೇ ಎಸೆಯುವಂತೆ ಮಾಡುವುದು. ಸಾಮಾನ್ಯ ಸ್ಕ್ವೀಝ್ ಕಷ್ಟದ್ದಲ್ಲ. 13ರವರೆಗೆ ಎಣಿಸಲು ಬಂದರೆ ಸಾಕು, ಆದರೆ ಮೊದಲ ಟ್ರಿಕ್‌ನಲ್ಲೇ ಎಣಿಸಬೇಕು.

ಆ ಒಂದು ಟ್ರಿಕ್‌ಗೆ ಬೆಲೆ ಎಷ್ಟು ನೋಡಿ. ವಲ್ನರಬಲ್ (ಬೋನಸ್, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಆಗಿದ್ದು 6 ನೋಟ್ರಂಪ್ (ತುರುಪಿಲ್ಲದೆ 12 ಟ್ರಿಕ್) ಗೆದ್ದರೆ 1440 ಅಂಕ: ಟ್ರಿಕ್‌ಗಳಿಗೆ 190, ಗೇಮ್‌ಗೆ 500, ಸ್ಲ್ಯಾಮ್‌ಗೆ 750. ಒಂದು ಟ್ರಿಕ್ ಕಮ್ಮಿಯಾದರೆ ಎದುರಾಳಿಗಳಿಗೆ 100. ಅಂದರೆ ಆ ಒಂದು ಟ್ರಿಕ್‌ನಲ್ಲಿ 1540 ಅಂಕದ ವ್ಯತ್ಯಾಸ. ಅರ್ಧ ನಿಮಿಷ ಕೂತು ಯೋಚಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಮೊದಲ ಎಲೆಗೆ ಮುಂಚೆ

ಡಮ್ಮಿ ಕಂಡ ತಕ್ಷಣ ಕೈ ಎಲೆಯ ಕಡೆಗೆ ಹೋಗುತ್ತದೆ. ತಡೆಯಿರಿ. ಲೀಡ್‌ನಲ್ಲಿ ಯೋಚಿಸುವಂಥದ್ದು ಏನೂ ಇಲ್ಲದಿದ್ದರೂ ತಡೆಯಿರಿ. ಮೊದಲು ಎದುರಾಳಿಗಳಿಗೆ ಕೈ ಕೊಡದೆ ಎಷ್ಟು ಟ್ರಿಕ್ ಎಳೆಯಬಹುದು ಎಂದು ಎಣಿಸಿ. ಎಷ್ಟು ಕಮ್ಮಿ ಬೀಳುತ್ತದೆ ನೋಡಿ. ಎರಡು ಕಮ್ಮಿ ಇದ್ದರೆ ಸ್ಕ್ವೀಝ್ ಯೋಚನೆ ಪಕ್ಕಕ್ಕಿಡಿ, ಮೊದಲು ಬೇರೆ ದಾರಿಯಲ್ಲಿ ಒಂದನ್ನು ಹುಟ್ಟಿಸಬೇಕು. ಒಂದೇ ಒಂದು ಕಮ್ಮಿ ಇದ್ದರೆ ಸ್ಕ್ವೀಝ್‌ಗೆ ಜಾಗ ಇದೆ.

ಸ್ಲ್ಯಾಮ್‌ಗಳಲ್ಲಿ ಸ್ಕ್ವೀಝ್ ಜಾಸ್ತಿ ಸಿಗುವುದು ಇದೇ ಕಾರಣಕ್ಕೆ. ಎರಡು ಕೈ ಸೇರಿ ಬಲ ತುಂಬಾ ಇರುತ್ತದೆ, ಕೊರತೆ ಒಂದೇ ಟ್ರಿಕ್‌ನದ್ದು.

ಇನ್ನು ಲೀಡ್ ಏನು ಹೇಳುತ್ತಿದೆ ಎಂದು ಕೇಳಿಕೊಳ್ಳಿ. ಗ್ರ್ಯಾಂಡ್ ಸ್ಲ್ಯಾಮ್ (7ರ ಆಟ, 13 ಟ್ರಿಕ್ಕೂ ಗೆಲ್ಲಬೇಕು) ವಿರುದ್ಧ ಒಂದೇ ಸೂಟ್‌ನ ರಾಜ, ರಾಣಿ ಎರಡೂ ಕೈಯಲ್ಲಿದ್ದವರು ಸಾಮಾನ್ಯವಾಗಿ ಅದನ್ನೇ ಲೀಡ್ ಮಾಡುತ್ತಾರೆ. ಮಾಡಲಿಲ್ಲ ಅಂದರೆ ಅವೆರಡೂ ಅವರ ಹತ್ತಿರ ಇರುವ ಸಾಧ್ಯತೆ ಕಡಿಮೆ. ಈ ಮಾತು ಕೆಳಗೆ ಬೇಕಾಗುತ್ತದೆ.

ಅವಕಾಶಗಳನ್ನು ಸಾಲಾಗಿ ಇಡಿ

ಕೆಲವು ಶೇಕಡಾಗಳು ಬಾಯಿಪಾಠ ಆಗಿರಲಿ. ಎದುರಾಳಿಗಳ ಹತ್ತಿರ ಒಂದು ಸೂಟ್‌ನ 6 ಎಲೆ ಇದ್ದರೆ 3-3 ಆಗುವುದು ಸುಮಾರು 36%, 4-2 ಸುಮಾರು 48%. ಐದು ಎಲೆ ಇದ್ದರೆ 3-2 ಸುಮಾರು 68%, 4-1 ಸುಮಾರು 28%. ನಾಲ್ಕು ಎಲೆ ಇದ್ದರೆ 3-1 ಸುಮಾರು 50%, 2-2 ಸುಮಾರು 41%.

ಫಿನೆಸ್ 50%. ಹಾಗಾಗಿ 3-3ಕ್ಕಿಂತ ಫಿನೆಸ್ ಮೇಲು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಒಂದನ್ನೇ ಆರಿಸಬೇಕು ಎಂದು ಯಾರು ಹೇಳಿದರು? ಟ್ರಿಕ್ ಸೋಲದೆ ನೋಡಬಹುದಾದ ಅವಕಾಶವನ್ನು ಮೊದಲು ನೋಡಿ, ಸೋಲಬಹುದಾದದ್ದನ್ನು ಕೊನೆಗೆ ಇಡಿ. ಎಕ್ಕ, ರಾಜ, ರಾಣಿ ಎಳೆದು ಸೂಟ್ 3-3 ಒಡೆಯಿತಾ ನೋಡಿ, ಒಡೆಯದಿದ್ದರೆ ಆಗ ಬೇರೆ ಸೂಟ್‌ನಲ್ಲಿ ಫಿನೆಸ್ ಮಾಡಿ. 36%, ಜೊತೆಗೆ ಉಳಿದ 64%ರಲ್ಲಿ ಅರ್ಧ: ಒಟ್ಟು 68%. ಎಲೆ ಅವೇ, ಕ್ರಮ ಬದಲಾಯಿತು ಅಷ್ಟೇ.

ಸ್ಕ್ವೀಝ್ ಈ ಸಾಲಿಗೆ ಸೇರುವ ಇನ್ನೊಂದು ಅವಕಾಶ. 3-3 ಒಡೆಯದೆ ಇದ್ದಾಗಲೂ ಅದು ಕೆಲಸ ಮಾಡಬಹುದು.

ಒಂದು ಟ್ರಿಕ್ ಬಿಟ್ಟುಕೊಡಿ

ಈ ಕೈ ನೋಡಿ. ನೀವು ದಕ್ಷಿಣ, ಆಟ 6 ನೋಟ್ರಂಪ್.

ಉತ್ತರ (ಡಮ್ಮಿ)
ಇಸ್ಪೀಟ್: ರಾಜ, 7, 4
ಆಟೀನ್: ಎಕ್ಕ, ರಾಜ, 6, 2
ಡೈಮಂಡ್: ಎಕ್ಕ, 8, 3
ಕಳಾವರ್: ರಾಜ, 7, 4

ದಕ್ಷಿಣ (ನೀವು)
ಇಸ್ಪೀಟ್: ಎಕ್ಕ, ರಾಣಿ, 5
ಆಟೀನ್: ರಾಣಿ, 7, 4
ಡೈಮಂಡ್: ರಾಜ, ರಾಣಿ, 6, 2
ಕಳಾವರ್: ಎಕ್ಕ, 6, 3

ಪಶ್ಚಿಮದವರು ಇಸ್ಪೀಟ್ ಗುಲಾಮ ಲೀಡ್ ಮಾಡಿದ್ದಾರೆ. ಎಣಿಸಿ. ಇಸ್ಪೀಟ್ 3, ಆಟೀನ್ 3, ಡೈಮಂಡ್ 3, ಕಳಾವರ್ 2. ಒಟ್ಟು 11. ಡಮ್ಮಿಯ ನಾಲ್ಕನೇ ಆಟೀನ್ ಅಥವಾ ನಿಮ್ಮ ನಾಲ್ಕನೇ ಡೈಮಂಡ್ ಗೆದ್ದರೆ 12. ಆಟೀನ್ ಆಗಲಿ ಡೈಮಂಡ್ ಆಗಲಿ 3-3 ಇದ್ದರೆ ಸಾಕು. ಒಬ್ಬರ ಹತ್ತಿರವೇ ನಾಲ್ಕು ಆಟೀನ್, ನಾಲ್ಕು ಡೈಮಂಡ್ ಎರಡೂ ಇದ್ದರೆ?

ಇಲ್ಲಿ ಆ ಒಬ್ಬರು ಪೂರ್ವದವರು.

ಪೂರ್ವ
ಇಸ್ಪೀಟ್: 6, 3, 2
ಆಟೀನ್: ಗುಲಾಮ, 10, 9, 3
ಡೈಮಂಡ್: ಗುಲಾಮ, 10, 9, 4
ಕಳಾವರ್: 9, 8

ಪಶ್ಚಿಮ
ಇಸ್ಪೀಟ್: ಗುಲಾಮ, 10, 9, 8
ಆಟೀನ್: 8, 5
ಡೈಮಂಡ್: 7, 5
ಕಳಾವರ್: ರಾಣಿ, ಗುಲಾಮ, 10, 5, 2

ಸುಮ್ನೆ ಗೆಲ್ಲುವ ಎಲೆಗಳನ್ನೇ ಎಳೆದರೆ ಏನಾಗುತ್ತದೆ ನೋಡೋಣ. ಇಸ್ಪೀಟ್ ಮೂರು, ಕಳಾವರ್ ಎರಡು, ಒಟ್ಟು ಐದು ಟ್ರಿಕ್. ಐದಕ್ಕೂ ಪೂರ್ವದವರ ಹತ್ತಿರ ಅದೇ ಸೂಟ್‌ನ ಎಲೆ ಇದೆ. ಉಳಿದದ್ದು 8 ಎಲೆ: ನಾಲ್ಕು ಆಟೀನ್, ನಾಲ್ಕು ಡೈಮಂಡ್. ಅವರು ಕಾಯಬೇಕಾದದ್ದೂ 8. ಎಲ್ಲಕ್ಕೂ ಜಾಗ ಇದೆ, ಯಾವುದನ್ನೂ ಎಸೆಯಬೇಕಿಲ್ಲ. ಆಟ ಒಂದು ಟ್ರಿಕ್‌ನಿಂದ ಹೋಯಿತು.

ಈಗ ಸರಿಯಾದ ಆಟ. ಇಸ್ಪೀಟ್ ಲೀಡನ್ನು ಕೈಯಲ್ಲಿ ರಾಣಿಯಿಂದ ಗೆಲ್ಲಿ. ಎರಡನೇ ಟ್ರಿಕ್‌ನಲ್ಲಿ ಕಳಾವರ್ 3 ಇಳಿಸಿ, ಡಮ್ಮಿಯಿಂದಲೂ 4 ಮಾತ್ರ ಹಾಕಿ. ಪಶ್ಚಿಮದವರು 10ರಿಂದ ಗೆಲ್ಲುತ್ತಾರೆ. ಅವರು ಮತ್ತೆ ಇಸ್ಪೀಟ್ ಆಡಿದರು ಅಂದುಕೊಳ್ಳಿ. ಡಮ್ಮಿಯ ರಾಜನಿಂದ ಗೆಲ್ಲಿ, ಇಸ್ಪೀಟ್ 7 ಆಡಿ ಕೈಯ ಎಕ್ಕಕ್ಕೆ ಬನ್ನಿ. ಕೈಯಿಂದ ಕಳಾವರ್ 6 ಆಡಿ ರಾಜನಿಗೆ ಹೋಗಿ. ಐದು ಟ್ರಿಕ್ ಮುಗಿಯಿತು. ಪೂರ್ವದವರ ಇಸ್ಪೀಟ್, ಕಳಾವರ್ ಎರಡೂ ಖಾಲಿ. ಕೈಯಲ್ಲಿ ನಾಲ್ಕು ಆಟೀನ್, ನಾಲ್ಕು ಡೈಮಂಡ್.

ಈಗ ಡಮ್ಮಿಯಿಂದ ಕಳಾವರ್ 7 ಆಡಿ. ನಿಮ್ಮ ಎಕ್ಕ ಕೈಯಲ್ಲಿ ಕಾಯುತ್ತಿದೆ. ಪೂರ್ವದವರು ಒಂದು ಎಲೆ ಎಸೆಯಲೇಬೇಕು. ಉಳಿಯುವುದು 7 ಜಾಗ, ಕಾಯಬೇಕಾದದ್ದು 8 ಎಲೆ. ಆಟೀನ್ ಎಸೆದರೆ ಡಮ್ಮಿಯ ನಾಲ್ಕನೇ ಆಟೀನ್ ಗೆಲ್ಲುತ್ತದೆ, ಡೈಮಂಡ್ ಎಸೆದರೆ ನಿಮ್ಮ ನಾಲ್ಕನೇ ಡೈಮಂಡ್. ಅವರು ಎಷ್ಟು ಹೊತ್ತು ಯೋಚಿಸಿದರೂ ಬೇರೆ ದಾರಿ ಇಲ್ಲ.

ಮುಗಿಸುವುದು ಸುಲಭ. ಕಳಾವರ್ ಎಕ್ಕದಿಂದ ಕೈಯಲ್ಲಿದ್ದೀರಿ. ಆಟೀನ್ ರಾಣಿ ಎಳೆದು, ನಂತರ ಡಮ್ಮಿಯ ಎಕ್ಕ, ರಾಜ. ಎದುರಾಳಿಗಳ ಆರೂ ಆಟೀನ್ ಬಿದ್ದಿದ್ದರೆ ನಾಲ್ಕನೆಯದನ್ನೂ ಎಳೆಯಿರಿ. ಬೀಳದಿದ್ದರೆ ಡೈಮಂಡ್ ಎಕ್ಕ, ಆಮೇಲೆ ರಾಜ, ರಾಣಿ, ಕೊನೆಗೆ 6. ಇನ್ನೊಂದು ವಿಷಯ: 3-3 ಅವಕಾಶಗಳನ್ನು ನೀವು ಎಲ್ಲೂ ಕಳೆದುಕೊಳ್ಳಲಿಲ್ಲ. ಸೂಟ್ ಒಡೆದಿದ್ದರೂ ಇದೇ ಕ್ರಮದಲ್ಲಿ ಗೆಲ್ಲುತ್ತಿದ್ದಿರಿ.

ಈ ಕೈಯ ಜೀವ ಇರುವುದು ಎರಡನೇ ಟ್ರಿಕ್‌ನ ಆ ಸಣ್ಣ ಕಳಾವರ್‌ನಲ್ಲಿ. ಸ್ಕ್ವೀಝ್ ಕಲಿಯುವವರು ಕೊನೆಯ ಮೂರು ಎಲೆಗಳ ಚಿತ್ರಗಳನ್ನೇ ಬಾಯಿಪಾಠ ಮಾಡುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕಲಿಕೆ. ಕೊನೆಯ ಮೂರು ಎಲೆ ತಾನಾಗಿ ಬರುತ್ತದೆ. ಬರುವಂತೆ ಮಾಡುವುದು ಈ ಬಿಟ್ಟುಕೊಡುವ ಟ್ರಿಕ್. ನಿಯಮ ಚಿಕ್ಕದು: ಉಳಿದ ಟ್ರಿಕ್‌ಗಳಲ್ಲಿ ಒಂದನ್ನು ಬಿಟ್ಟು ಮಿಕ್ಕೆಲ್ಲ ನಿಮ್ಮದಾಗಿರಬೇಕು. 6ರ ಆಟದಲ್ಲಿ 11 ಇದ್ದರೆ ಒಂದನ್ನು ಮೊದಲೇ ಸೋಲಬೇಕು. 7ರ ಆಟದಲ್ಲಿ 12 ಇದ್ದರೆ ಲೆಕ್ಕ ಶುರುವಿನಿಂದಲೇ ಸರಿ ಇದೆ, ಏನನ್ನೂ ಸೋಲಬೇಕಿಲ್ಲ, ಸೋಲುವಂತೆಯೂ ಇಲ್ಲ.

ಯಾವ ಸೂಟ್‌ನಲ್ಲಿ, ಯಾವಾಗ ಸೋಲುವುದು?

ಇಲ್ಲಿ ತಪ್ಪುವವರು ಬಹಳ. ಇದೇ ಕೈಯಲ್ಲಿ ಕಳಾವರ್ ಬದಲು ಆಟೀನ್ ಒಂದನ್ನು ಬಿಟ್ಟುಕೊಟ್ಟಿರಿ ಅಂತಿಟ್ಟುಕೊಳ್ಳಿ. ಸೋತದ್ದು ಒಂದೇ ಟ್ರಿಕ್, ಆದರೆ ಪೂರ್ವದವರ ಕೈಯಿಂದಲೂ ಒಂದು ಆಟೀನ್ ಆರಾಮವಾಗಿ ಹೋಯಿತು. ನೀವು ಇಸ್ಪೀಟ್ ಮೂರು, ಕಳಾವರ್ ಎರಡು ಎಳೆದ ಮೇಲೆ ಅವರ ಹತ್ತಿರ ಮೂರು ಆಟೀನ್, ನಾಲ್ಕು ಡೈಮಂಡ್. ಏಳು ಜಾಗ, ಏಳು ಎಲೆ. ಒತ್ತಡವೇ ಇಲ್ಲ. ಹಾಗಾಗಿ ಕೊನೆಗೆ ಯಾವ ಸೂಟ್‌ಗಳಿಂದ ಟ್ರಿಕ್ ಬರಲಿ ಎಂದು ಆಸೆ ಇಟ್ಟಿದ್ದೀರೋ ಆ ಸೂಟ್‌ಗಳನ್ನು ಮುಟ್ಟಬೇಡಿ. ಸೋಲುವುದನ್ನು ಬೇರೆ ಕಡೆ ಸೋಲಿ.

ತಡ ಮಾಡಿ ಸೋತರೂ ಕಷ್ಟ. ಕಳಾವರ್ ಎಕ್ಕ, ರಾಜ ಎಳೆದು ಮೂರನೆಯದನ್ನು ಬಿಟ್ಟುಕೊಟ್ಟರೆ ಪಶ್ಚಿಮದವರು ಗೆದ್ದು, ಉಳಿದ ಎರಡು ಕಳಾವರ್‌ಗಳನ್ನೂ ಎಳೆಯುತ್ತಾರೆ. ಎಕ್ಕ, ರಾಜ ಎರಡೂ ನಿಮ್ಮಲ್ಲಿರುವಾಗಲೇ ಬಿಟ್ಟುಕೊಟ್ಟರೆ ಅವರು ಏನನ್ನೂ ಎಳೆಯುವಂತಿಲ್ಲ.

ಸ್ಕ್ವೀಝ್‌ಗೆ ಏನೇನು ಬೇಕು

ಮೇಲಿನ ಕೈಯಿಂದಲೇ ಎಲ್ಲ ಹೊರಡುತ್ತದೆ. ಒಬ್ಬರೇ ಎದುರಾಳಿ ಎರಡು ಸೂಟ್‌ಗಳನ್ನು ಕಾಯುತ್ತಿರಬೇಕು. ಆಟೀನ್ ಪಶ್ಚಿಮದವರ ಹತ್ತಿರ, ಡೈಮಂಡ್ ಪೂರ್ವದವರ ಹತ್ತಿರ ಹಂಚಿಹೋಗಿದ್ದರೆ ಏನೂ ನಡೆಯುತ್ತಿರಲಿಲ್ಲ. ಆ ಎರಡು ಸೂಟ್‌ಗಳಲ್ಲಿ ನಿಮಗೆ ಒಂದೊಂದು ಬೆದರಿಕೆ ಎಲೆ ಬೇಕು, ಅಂದರೆ ಈಗ ಗೆಲ್ಲದಿದ್ದರೂ ಎದುರಾಳಿ ಒಂದು ಎಲೆ ಎಸೆದ ಕ್ಷಣ ಗೆಲ್ಲುವಂಥ ಎಲೆ. ಆ ಬೆದರಿಕೆ ಎಲೆ ಇರುವ ಕೈಗೆ ಹೋಗಲು ಎಂಟ್ರಿ ಬೇಕು. ಗೆದ್ದ ಎಲೆ ಡಮ್ಮಿಯಲ್ಲಿ ಕೂತಿದ್ದು ನಿಮಗೆ ಅಲ್ಲಿಗೆ ದಾರಿ ಇಲ್ಲದಿದ್ದರೆ ಏನು ಪ್ರಯೋಜನ?

ಕೊನೆಯದು ಕೂತ ಜಾಗ. ಬೆದರಿಕೆ ಎಲೆಗಳು ಎರಡೂ ಡಮ್ಮಿಯಲ್ಲೇ ಇದ್ದು ಡಮ್ಮಿಯಲ್ಲಿ ಎಸೆಯಲು ಬೇರೆ ಎಲೆ ಇಲ್ಲದಿದ್ದರೆ, ಒತ್ತಡ ಬೀಳುವುದು ಪಶ್ಚಿಮದವರ ಮೇಲೆ ಮಾತ್ರ. ಅವರು ಡಮ್ಮಿಗಿಂತ ಮುಂಚೆ ಎಸೆಯಬೇಕು. ಪೂರ್ವದವರು ಡಮ್ಮಿ ಏನು ಎಸೆಯಿತು ನೋಡಿಕೊಂಡು ಆರಾಮಾಗಿ ಎಸೆಯುತ್ತಾರೆ. ಬೆದರಿಕೆ ಎಲೆಗಳು ಎರಡು ಕೈಗಳಲ್ಲಿ ಹಂಚಿದ್ದು ಡಮ್ಮಿಯಲ್ಲೊಂದು ಬೇಡದ ಎಲೆ ಇದ್ದರೆ ಯಾರ ಮೇಲಾದರೂ ನಡೆಯುತ್ತದೆ.

ಎಕ್ಕ ಎಳೆದು ದಾರಿ ಮಾಡುವುದು

ಈ ಕೂತ ಜಾಗದ ತೊಂದರೆಗೆ ಹಳೆಯ ಔಷಧಿ ಒಂದಿದೆ. ಹೆಸರು ವಿಯೆನ್ನಾ ಕೂ. ನನಗೆ ಬ್ರಿಡ್ಜ್‌ನಲ್ಲಿ ಇಷ್ಟವಾದ ಆಟಗಳಲ್ಲಿ ಇದೂ ಒಂದು, ಏಕೆಂದರೆ ನೋಡಿದರೆ ಎದುರಾಳಿಯ ರಾಜನಿಗೆ ನಾವೇ ಬಲ ಕೊಟ್ಟಂತೆ ಕಾಣುತ್ತದೆ.

ಆಟ 7 ಇಸ್ಪೀಟ್. ಪಶ್ಚಿಮದವರ ಲೀಡ್ ಕಳಾವರ್ ಗುಲಾಮ.

ಉತ್ತರ (ಡಮ್ಮಿ)
ಇಸ್ಪೀಟ್: 6, 5, 3
ಆಟೀನ್: ಎಕ್ಕ, 7, 3, 2
ಡೈಮಂಡ್: ಎಕ್ಕ, ಗುಲಾಮ, 4
ಕಳಾವರ್: ರಾಣಿ, 8, 6

ದಕ್ಷಿಣ (ನೀವು)
ಇಸ್ಪೀಟ್: ಎಕ್ಕ, ರಾಜ, ರಾಣಿ, ಗುಲಾಮ, 10, 9, 2
ಆಟೀನ್: ರಾಣಿ, 5
ಡೈಮಂಡ್: 8
ಕಳಾವರ್: ಎಕ್ಕ, ರಾಜ, 4

ಇಸ್ಪೀಟ್ 7, ಆಟೀನ್ 1, ಡೈಮಂಡ್ 1, ಕಳಾವರ್ 3. ಒಟ್ಟು 12, ಲೆಕ್ಕ ಸರಿ ಇದೆ. ಹದಿಮೂರನೆಯದಕ್ಕೆ ಮುಖ್ಯ ಆಸೆ ಏನೆಂದರೆ ಆಟೀನ್ ರಾಜ, ಡೈಮಂಡ್ ರಾಜ, ಡೈಮಂಡ್ ರಾಣಿ ಮೂರೂ ಒಬ್ಬರ ಹತ್ತಿರ ಇರಬೇಕು. ಪಶ್ಚಿಮದವರು ಡೈಮಂಡ್ ಲೀಡ್ ಮಾಡಲಿಲ್ಲ. ಆದ್ದರಿಂದ ರಾಜ, ರಾಣಿ ಜೊತೆಗಿದ್ದರೆ ಪೂರ್ವದವರ ಹತ್ತಿರವೇ ಇರಬಹುದು. ಪೂರ್ವದವರು ಡಮ್ಮಿಯ ನಂತರ ಎಸೆಯುವವರು. ತೊಂದರೆ ಅಲ್ಲೇ.

ಮೂರು ಕಳಾವರ್, ಎಲ್ಲ ತುರುಪನ್ನೂ ಸುಮ್ಮನೆ ಎಳೆಯುತ್ತಾ ಹೋದರೆ ಕೊನೆಯ ಇಸ್ಪೀಟ್ ಹೊತ್ತಿಗೆ ಡಮ್ಮಿಯಲ್ಲಿ ಆಟೀನ್ ಎಕ್ಕ, ಒಂದು ಸಣ್ಣ ಆಟೀನ್, ಡೈಮಂಡ್ ಎಕ್ಕ, ಡೈಮಂಡ್ ಗುಲಾಮ ಉಳಿದಿರುತ್ತವೆ. ನಾಲ್ಕೂ ಬೇಕಾದವು. ಆದರೂ ಪೂರ್ವದವರಿಗಿಂತ ಮುಂಚೆ ಒಂದನ್ನು ಎಸೆಯಲೇಬೇಕು. ಸ್ಕ್ವೀಝ್ ಆದದ್ದು ನಿಮ್ಮದೇ ಡಮ್ಮಿಗೆ.

ಅದಕ್ಕೇ ಆಟೀನ್ ಎಕ್ಕವನ್ನು ಮೊದಲೇ ಎಳೆದುಬಿಡಿ. ಕಳಾವರ್ ಲೀಡನ್ನು ಕೈಯ ಎಕ್ಕದಿಂದ ಗೆಲ್ಲಿ. ತುರುಪು ಎಳೆಯಿರಿ, ಎದುರಾಳಿಗಳ ಹತ್ತಿರ ಇರುವುದು ಮೂರೇ. ಎರಡು ಸುತ್ತಿನಲ್ಲಿ ಮುಗಿಯಿತು ಅಂದುಕೊಳ್ಳಿ. ಆಟೀನ್ 5ರಿಂದ ಡಮ್ಮಿಯ ಎಕ್ಕಕ್ಕೆ ಹೋಗಿ. ಅಲ್ಲೇ ಕಳಾವರ್ ರಾಣಿ ಎಳೆದು, ಇನ್ನೊಂದು ಕಳಾವರ್‌ನಿಂದ ಕೈಯ ರಾಜನಿಗೆ ಬನ್ನಿ. ಈಗ ಪೂರ್ವದವರ ಆಟೀನ್ ರಾಜ ಆ ಸೂಟ್‌ನ ದೊಡ್ಡ ಎಲೆ. ಆದರೆ ಅದರ ಮೇಲೆ ಕಣ್ಣಿಟ್ಟು ಕೂತಿರುವ ರಾಣಿ ನಿಮ್ಮ ಕೈಯಲ್ಲಿದೆ, ಡಮ್ಮಿಯ ಆಟೀನ್‌ಗಳೆಲ್ಲ ಬೇಡದ ಎಲೆಗಳಾದವು.

ಉಳಿದ ಐದು ಇಸ್ಪೀಟ್ ಎಳೆಯಿರಿ. ಡಮ್ಮಿಯಿಂದ ಮೊದಲು ಇಸ್ಪೀಟ್, ಆಮೇಲೆ ಮೂರು ಆಟೀನ್, ಕೊನೆಗೆ ಡೈಮಂಡ್ 4 ಹೋಗುತ್ತವೆ. ಕೊನೆಯ ಇಸ್ಪೀಟ್ ಆದ ಮೇಲೆ ಡಮ್ಮಿಯಲ್ಲಿ ಡೈಮಂಡ್ ಎಕ್ಕ, ಗುಲಾಮ. ನಿಮ್ಮ ಕೈಯಲ್ಲಿ ಆಟೀನ್ ರಾಣಿ, ಡೈಮಂಡ್ 8. ಪೂರ್ವದವರು ಎರಡು ಜಾಗದಲ್ಲಿ ಮೂರು ಎಲೆ ಇಡಬೇಕು. ಆಗುವುದಿಲ್ಲ.

ನೀವು ಗಮನಿಸಬೇಕಾದದ್ದು ಒಂದೇ ಒಂದು ಎಲೆ: ಆಟೀನ್ ರಾಜ ಬಿತ್ತಾ ಇಲ್ಲವಾ? ಬಿದ್ದಿದ್ದರೆ ರಾಣಿ ಎಳೆದು ಡೈಮಂಡ್ ಎಕ್ಕಕ್ಕೆ ಹೋಗಿ. ಬಿದ್ದಿಲ್ಲ ಅಂದರೆ ಡೈಮಂಡ್ ಎಕ್ಕ, ನಂತರ ಗುಲಾಮ. ಸ್ಕ್ವೀಝ್ ಆಡಲು 52 ಎಲೆ ನೆನಪಿಟ್ಟುಕೊಳ್ಳಬೇಕು ಎಂಬ ಹೆದರಿಕೆ ಬೇಡ. ಬೆದರಿಕೆ ಎಲೆಯನ್ನು ಕಾಯುವ ಎಲೆ ಯಾವುದು ಎಂದು ಮೊದಲೇ ನಿರ್ಧರಿಸಿ, ಅದನ್ನು ಮಾತ್ರ ನೋಡುತ್ತಾ ಇರಿ.

ಫಿನೆಸ್ ಅಥವಾ ಎಕ್ಕ?

ಸ್ಕ್ವೀಝ್ ಇನ್ನೊಂದು ಉಪಕಾರ ಮಾಡುತ್ತದೆ. ಕೊನೆಗೆ ಎರಡೆರಡು ಎಲೆ ಉಳಿದಿವೆ. ಡಮ್ಮಿಯಲ್ಲಿ ಡೈಮಂಡ್ ಎಕ್ಕ, ರಾಣಿ. ನಿಮ್ಮ ಕೈಯಲ್ಲಿ ಆಟೀನ್ ಗುಲಾಮ, ಡೈಮಂಡ್ 6. ಆಟೀನ್ ರಾಣಿಯನ್ನು ಪಶ್ಚಿಮದವರು ಇನ್ನೂ ಹಿಡಿದಿದ್ದಾರೆ ಎಂದು ನಿಮಗೆ ಗೊತ್ತಿದೆ. ಡೈಮಂಡ್ 6 ಆಡುತ್ತೀರಿ, ಅವರು ಸಣ್ಣ ಡೈಮಂಡ್ ಹಾಕುತ್ತಾರೆ. ಅವರ ಇನ್ನೊಂದು ಎಲೆ ಆಟೀನ್ ರಾಣಿ. ಅಂದರೆ ಡೈಮಂಡ್ ರಾಜ ಅವರ ಹತ್ತಿರ ಇಲ್ಲ. ಫಿನೆಸ್ ಖಂಡಿತ ಸೋಲುತ್ತದೆ. ಎಕ್ಕ ಹಾಕಿ, ಪೂರ್ವದವರ ರಾಜ ಒಂಟಿಯಾಗಿದ್ದರೆ ಬೀಳುತ್ತಾನೆ.

ಅದಕ್ಕೇ ಫಿನೆಸ್ ಆತುರ ಬೇಡ ಎಂದು ಮತ್ತೆ ಮತ್ತೆ ಹೇಳುವುದು. ಉದ್ದನೆ ಸೂಟ್ ಇದ್ದರೆ ಅದನ್ನು ಪೂರ್ತಿ ಎಳೆಯಿರಿ. ನಿಜವಾದ ಸ್ಕ್ವೀಝ್ ಇಲ್ಲದಿದ್ದರೂ ಎದುರಾಳಿಗಳು ಐದಾರು ಎಲೆ ಎಸೆಯಬೇಕಾದಾಗ ತಪ್ಪು ಮಾಡುತ್ತಾರೆ, ಇಲ್ಲವೇ ಯಾರ ಹತ್ತಿರ ಏನಿದೆ ಎಂದು ತೋರಿಸಿಬಿಡುತ್ತಾರೆ. ಆದರೆ ಎಳೆಯುವ ಮುಂಚೆ ಡಮ್ಮಿಯಿಂದ ಏನೇನು ಎಸೆಯುತ್ತೀರಿ ಎಂದು ಪೂರ್ತಿ ಯೋಚಿಸಿಕೊಳ್ಳಿ.

ಕಲಿಯುವ ದಾರಿ

ಒಂದು ಪ್ಯಾಕ್ ಎಲೆ ತೆಗೆದುಕೊಂಡು ಮೊದಲ ಕೈಯನ್ನು ನಾಲ್ಕೂ ಕಡೆ ಜೋಡಿಸಿ. ಕಳಾವರ್ ಬಿಟ್ಟುಕೊಟ್ಟು ಒಮ್ಮೆ ಆಡಿ, ಬಿಟ್ಟುಕೊಡದೆ ಒಮ್ಮೆ ಆಡಿ. ಪೂರ್ವದವರ ಕೈ ಹಿಡಿದು, ಆರನೇ ಟ್ರಿಕ್‌ನಲ್ಲಿ ಏನು ಎಸೆಯಬಹುದು ಎಂದು ನೀವೇ ಹುಡುಕಿ. ಆ ಜಾಗದಲ್ಲಿ ಕೂತು ನೋಡಿದರೆ ಓದಿ ತಿಳಿದದ್ದಕ್ಕಿಂತ ಬೇಗ ಮನಸ್ಸಿಗೆ ಇಳಿಯುತ್ತದೆ.

ನಂತರ ಎರಡನೇ ಕೈ. ಪೂರ್ವದವರಿಗೆ ಆ ಮೂರು ದೊಡ್ಡ ಎಲೆ ಕೊಟ್ಟು, ಆಟೀನ್ ಎಕ್ಕ ಎಳೆಯದೆ ಆಡಿ ಸೋಲಿ. ಆಮೇಲೆ ಪೂರ್ವ, ಪಶ್ಚಿಮ ಕೈಗಳನ್ನು ಅದಲುಬದಲು ಮಾಡಿ ಅದೇ ರೀತಿ ಆಡಿ. ಈ ಸಲ ಗೆಲ್ಲುತ್ತೀರಿ, ಏಕೆಂದರೆ ಪಶ್ಚಿಮದವರು ಮೊದಲು ಎಸೆಯಬೇಕು. ಕೊನೆಯ ಇಸ್ಪೀಟ್‌ಗೆ ಅವರು ಡೈಮಂಡ್ ಎಸೆದರೆ ಡಮ್ಮಿಯಿಂದ ಸಣ್ಣ ಆಟೀನ್ ಎಸೆಯಿರಿ, ಆಟೀನ್ ಎಸೆದರೆ ಡೈಮಂಡ್ ಗುಲಾಮ ಎಸೆಯಿರಿ. ಮೂರನೇ ಸಲ ಆಟೀನ್ ಎಕ್ಕ ಮೊದಲೇ ಎಳೆದು ಎರಡೂ ಜೋಡಣೆಯಲ್ಲಿ ಆಡಿ ನೋಡಿ. ಎರಡರಲ್ಲೂ 13 ಟ್ರಿಕ್ ಬರುತ್ತದೆ.